ಸೇವೆಯನ್ನೂ ಕಲಿಯಬೇಕು ಎಂದ ಡಾ. ನಾ. ಸು. ಹರ್ಡೀಕರ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಕುರಿತು ಲೇಖನ ಬರೆದುಕೊಡಬೇಕೆಂದು ಸಂಚಿಕೆ ಸಮಿತಿಯವರು ಕೇಳಿದರು. ಸರ್ ಎಂ. ವಿಶ್ವೇಶ್ವರಯ್ಯ, ಅಬ್ದುಲ್ ಕಲಾಂ ಎಂದು ಎರಡು ಹೆಸರನ್ನು ಅವರೇ ಸೂಚಿಸಿದ್ದರು. ಬಿ.ಇ. ಓದಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವನು ಇಂಜಿನಿಯರುಗಳ ಬಗ್ಗೆಯೇ ಬರೆಯಲಿ ಎಂಬ ಲೆಕ್ಕಾಚಾರ ಇದ್ದಿರಬೇಕು. ಇಬ್ಬರೂ ಪ್ರಾತಃಸ್ಮರಣೀಯರು, ಅವರ ಬಗ್ಗೆ ಬರೆಯುವವರಿಗೆ ಬರವಿಲ್ಲ. ನಾನು ಆರಿಸಿಕೊಂಡಿದ್ದು ನಮ್ಮ ಶಾಲೆಯ ದೈಹಿಕ ಶಿಕ್ಷಣ ಕೊಠಡಿಯ ಗೋಡೆಯ ಮೇಲೆ, ಲೇಜಿಮ್ ಡಂಬೆಲ್ಸ್‌ಗಳ ಮೇಲ್ಗಡೆ ತೂಗುಹಾಕಿದ್ದ ಪಟದಲ್ಲಿದ್ದವರನ್ನು. ಬಿಳಿ ಟೋಪಿಯ ಆ ಹಿರಿಯರು ಯಾರೆಂದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಕೆಲವರು ಯಾರೋ ಮಂತ್ರಿ ಅಂದುಕೊಂಡಿದ್ದರು. ಸೇವಾದಳದಲ್ಲಿದ್ದ ನಾವು ಹತ್ತಿಪ್ಪತ್ತು ಮಕ್ಕಳಿಗೆ ಮಾತ್ರ ಹೆಸರು ಬಾಯಿಪಾಠವಾಗಿತ್ತು: ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರ್.

ಹರ್ಡೀಕರ್ ತೀರಿಕೊಂಡಿದ್ದು 1975ರ ಆಗಸ್ಟ್ 26ರಂದು. ನಮ್ಮ ಶಾಲೆಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಅವರು ಮರ್ಫಿ ಟೌನ್‌ಗೆ ಬಂದಿದ್ದರೋ ಇಲ್ಲವೋ, ಅವರು ಕಟ್ಟಿದ್ದು ಮಾತ್ರ ನಮ್ಮ ಶಾಲೆಯ ಅಂಗಳದವರೆಗೆ ಬಂದಿತ್ತು. ಸ್ವಾತಂತ್ರ್ಯ ದಿನದಂದು ಬಾವುಟವನ್ನು ಹೇಗೆ ಮಡಿಸಬೇಕು, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತೆ ಗಂಟು ಹೇಗೆ ಹಾಕಬೇಕು, ಒಳಗೆ ಹೂವಿನ ಎಸಳು ಎಷ್ಟಿರಬೇಕು ಎಂದು ಪಿ.ಟಿ. ಮೇಷ್ಟ್ರು ಕಲಿಸುತ್ತಿದ್ದರಲ್ಲ, ಆ ಪಾಠದ ಮೂಲ ಹುಬ್ಬಳ್ಳಿಯಲ್ಲಿದೆ.

ನಾರಾಯಣ ಹುಟ್ಟಿದ್ದು 1889ರ ಮೇ 7ರಂದು, ಧಾರವಾಡದಲ್ಲಿ. ಆಗ ಧಾರವಾಡ ಮುಂಬೈ ಪ್ರಾಂತಕ್ಕೆ ಸೇರಿತ್ತು. ಕನ್ನಡ ಮಾತಾಡುವವರು ಮೈಸೂರು, ಮುಂಬೈ, ಮದ್ರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದ ಕಾಲ. ನಮ್ಮ ದಂಡು ಪ್ರದೇಶವಂತೂ ಮೈಸೂರು ಮಹಾರಾಜರ ರಾಜ್ಯದ ನಡುವೆ ಇದ್ದುಕೊಂಡೇ ಬ್ರಿಟಿಷರ ಕೈಯಲ್ಲಿತ್ತು. ಅದು ಮೈಸೂರಿಗೆ ಮರಳಿದ್ದು 1947ರಲ್ಲಿ. ಹುಡುಗನಿಗೆ ಒಂಬತ್ತು ವರ್ಷವಾದಾಗ ಹುಬ್ಬಳ್ಳಿ ಧಾರವಾಡದ ಮೇಲೆ ಪ್ಲೇಗು ಎರಗಿತು. ಅದೇ ಪ್ಲೇಗು 1898ರಲ್ಲಿ ಹುಬ್ಬಳ್ಳಿ ಕಡೆಯ ರೈಲು ಹತ್ತಿ ಬೆಂಗಳೂರಿಗೂ ಬಂದಿತು. ಗಾಳಿ ಬೆಳಕಿಲ್ಲದ ಗಲ್ಲಿಗಳಲ್ಲಿ ಸಾವಿರಾರು ಜನ ಸತ್ತ ಮೇಲೆ ಪೇಟೆಯಲ್ಲೂ ದಂಡಿನಲ್ಲೂ ಅಗಲ ರಸ್ತೆಗಳ ಹೊಸ ಬಡಾವಣೆಗಳ ಯೋಚನೆ ಶುರುವಾಯಿತು. ಮೊದಲು ನಾಕ್ಸ್‌ಪೇಟೆ ಎನ್ನಿಸಿಕೊಂಡಿದ್ದ ನಮ್ಮೂರಿಗೆ ಆಮೇಲೆ ಮರ್ಫಿ ಎಂಬ ಇಂಜಿನಿಯರ್ ಹೆಸರು ಬಂದಿದ್ದು ಕೂಡ ಆ ನಂತರದ ಕಾಲದಲ್ಲೇ. ಊರಿಗೆ ಊರೇ ಖಾಲಿಯಾಗುವುದನ್ನು ಕಂಡ ಹುಡುಗ ಮುಂದೆ ಡಾಕ್ಟರಾದ, ಅದರಲ್ಲೂ ಸಾರ್ವಜನಿಕ ಆರೋಗ್ಯವನ್ನು ಓದಿದ ಎಂಬುದನ್ನು ನಾನು ಆ ಪ್ಲೇಗಿಗೆ ತಳುಕು ಹಾಕಿಕೊಳ್ಳುತ್ತೇನೆ. ಇದು ನನ್ನ ಊಹೆ.

ಅವರ ತಾರುಣ್ಯದಲ್ಲಿ ಉತ್ತರ ಕರ್ನಾಟಕದ ಊರುಗಳಲ್ಲಿ ಲೋಕಮಾನ್ಯ ತಿಲಕರ ಪ್ರಭಾವ ದೊಡ್ಡದಿತ್ತು. ಸ್ವದೇಶಿ ಚಳವಳಿಯ ಗಾಳಿ ಧಾರವಾಡದ ಶಾಲೆಗಳ ಒಳಗೂ ಬೀಸುತ್ತಿತ್ತು. ಹರ್ಡೀಕರ್ ವೈದ್ಯಕೀಯ ಓದಲು ಹೋಗಿದ್ದು ಕಲ್ಕತ್ತೆಗೆ. ವಂಗಭಂಗದ ನಂತರದ ಕಲ್ಕತ್ತೆ ಎಂದರೆ ಓದಿನಷ್ಟೇ ರಾಷ್ಟ್ರೀಯತೆಯನ್ನೂ ಕಲಿಸುವ ಊರು. ಅಲ್ಲಿಂದ ಮುಂದೆ ಅಮೆರಿಕಕ್ಕೆ ಹೋದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಎಂ.ಎಸ್ಸಿ. ಮುಗಿಸಿದ್ದು 1916ರಲ್ಲಿ.

ನಮ್ಮ ಬ್ಯಾಚಿನ ಹತ್ತು ಜನ ಈಗ ಅಮೆರಿಕದಲ್ಲಿದ್ದಾರೆ, ಅವರೂ ಇದನ್ನು ಓದುತ್ತಾರೆ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. 1916ರಲ್ಲಿ ಅಮೆರಿಕದ ಎಂ.ಎಸ್ಸಿ. ಪದವಿ ಇದ್ದ ಭಾರತೀಯ ಡಾಕ್ಟರಿಗೆ ಒಳ್ಳೆಯ ಸಂಪಾದನೆಯ ದಾರಿ ತೆರೆದೇ ಇತ್ತು. ಆದರೆ ಆ ಹೊತ್ತಿಗೆ ಲಾಲಾ ಲಜಪತ ರಾಯರು ಅಮೆರಿಕದಲ್ಲಿದ್ದರು. ಊರಿಗೆ ಮರಳಲು ಸರ್ಕಾರ ಬಿಡುತ್ತಿರಲಿಲ್ಲವಾಗಿ ಅಲ್ಲೇ ಇದ್ದು ಭಾರತದ ಪರ ಪ್ರಚಾರಕ್ಕೆ ಇಳಿದಿದ್ದರು. 1917ರಲ್ಲಿ ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಮ್ ರೂಲ್ ಲೀಗ್ ಆಫ್ ಅಮೆರಿಕ ಹುಟ್ಟಿತು, ಮರುವರ್ಷ ಅದರ ಪತ್ರಿಕೆ ಯಂಗ್ ಇಂಡಿಯಾ ಹೊರಬಂತು. ಎರಡರಲ್ಲೂ ಹರ್ಡೀಕರ್ ಲಾಲಾಜಿಯವರ ಬಲಗೈಯಾಗಿದ್ದರು. ಊರಿಂದೂರಿಗೆ ಹೋಗಿ ಸಭೆ ನಡೆಸುವುದು, ಸದಸ್ಯರನ್ನು ಸೇರಿಸುವುದು, ಪತ್ರಿಕೆ ಮಾರುವುದು, ಹಣದ ಲೆಕ್ಕ ಇಡುವುದು ಇವೆಲ್ಲ ಅವರ ಪಾಲಿಗೆ ಬಂದ ಕೆಲಸ. ಭಾಷಣ ಮಾಡುವವರು ಸಿಗುತ್ತಾರೆ, ಕುರ್ಚಿ ಹಾಕಿಸಿ ಲೆಕ್ಕ ಬರೆಯುವವರು ಸಿಗುವುದಿಲ್ಲ ಎಂಬುದು ಅವರಿಗೆ ಅಲ್ಲಿಯೇ ಮನವರಿಕೆಯಾಗಿರಬೇಕು. ಲಾಲಾಜಿಯವರ ಅಮೆರಿಕದ ದಿನಗಳ ಬಗ್ಗೆ ಅವರು ಮುಂದೆ ಒಂದು ಪುಸ್ತಕವನ್ನೇ ಬರೆದರು.

1921ರಲ್ಲಿ ಅವರು ಹಿಂದಿರುಗಿದಾಗ ದೇಶ ಅಸಹಕಾರ ಚಳವಳಿಯ ನಡುವೆ ಇತ್ತು. ಹುಬ್ಬಳ್ಳಿಯಲ್ಲಿ ನೆಲೆಸಿದರು. ದವಾಖಾನೆ ಇಟ್ಟು ಕೂರಲಿಲ್ಲ. ಹುಬ್ಬಳ್ಳಿ ಸೇವಾ ಮಂಡಳ ಎಂದು ಒಂದು ಸಣ್ಣ ತಂಡ ಕಟ್ಟಿಕೊಂಡು ತರುಣರಿಗೆ ಕವಾಯತು, ವ್ಯಾಯಾಮ, ರೋಗಿಗಳ ಶುಶ್ರೂಷೆ, ಶಿಸ್ತು ಕಲಿಸುವುದಕ್ಕೆ ತೊಡಗಿದರು. ತಿಲಕರ ಹೆಸರಿನಲ್ಲಿ ಹೆಣ್ಣುಮಕ್ಕಳ ಒಂದು ಶಾಲೆಯೂ ನಡೆಯುತ್ತಿತ್ತು, ಅದರ ವಿಷಯ ಮುಂದೆ ಬರುತ್ತದೆ. ಹೊರಗಿನವರಿಗೆ ಇದು ಹುಡುಗರ ಆಟದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಆಟವೋ ಪಾಠವೋ ಎಂಬುದು ಗೊತ್ತಾಗಿದ್ದು 1923ರಲ್ಲಿ, ನಾಗಪುರದಲ್ಲಿ. ಅಲ್ಲಿ ಸ್ವರಾಜ್ಯದ ಬಾವುಟ ಹಿಡಿದು ಸಿವಿಲ್ ಲೈನ್ಸ್ ಕಡೆಗೆ ಮೆರವಣಿಗೆ ಹೋಗುವುದನ್ನು ಸರ್ಕಾರ ನಿಷೇಧಿಸಿತು. ಅದನ್ನು ಮುರಿಯಲು ಝಂಡಾ ಸತ್ಯಾಗ್ರಹ ಶುರುವಾಯಿತು. ಜಮನಾಲಾಲ್ ಬಜಾಜ್ ಮುಂದಾಳುತನ ವಹಿಸಿದ್ದರು, ಅವರ ಬಂಧನವಾದ ಮೇಲೆ ವಲ್ಲಭಭಾಯಿ ಪಟೇಲರು ಬಂದರು. ದೇಶದ ಮೂಲೆ ಮೂಲೆಗಳಿಂದ ತಂಡ ತಂಡವಾಗಿ ಜನ ಹೋಗಿ ಬಾವುಟ ಹಿಡಿದು ಹೊರಟು ದಸ್ತಗಿರಿಯಾದರು. ಹುಬ್ಬಳ್ಳಿಯಿಂದ ಹರ್ಡೀಕರ್ ತಂಡವೂ ಹೋಯಿತು.

ಬಾವುಟ ಹಿಡಿದು ಐವತ್ತು ಹೆಜ್ಜೆ ನಡೆಯುವುದು ಸುಲಭ. ಕಷ್ಟ ಶುರುವಾಗಿದ್ದು ಜೈಲಿನೊಳಗೆ. ಕೆಟ್ಟ ಊಟ, ಮೈಮುರಿಯುವ ಕೆಲಸ, ಹೊಡೆತ, ಮನೆಯ ನೆನಪು. ಕ್ಷಮಾಪಣೆ ಬರೆದುಕೊಟ್ಟರೆ ಬಿಡುತ್ತೇವೆ ಎಂದು ಅಧಿಕಾರಿಗಳು ಆಸೆ ತೋರಿಸಿದರು. ಬಹಳ ಮಂದಿ ಬರೆದುಕೊಟ್ಟು ಹೊರಬಂದರು. ಅವರನ್ನು ಹೇಡಿಗಳೆಂದು ಕರೆಯುವುದು ನನಗೆ ಸರಿಯೆನಿಸುವುದಿಲ್ಲ. ಉತ್ಸಾಹದಿಂದ ಮನೆ ಬಿಟ್ಟು ಬಂದವರೇ ಅವರೂ, ಮುಂದೇನು ಕಾದಿದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೆ. ಹುಬ್ಬಳ್ಳಿಯ ತಂಡ ಮಾತ್ರ ಬರೆದುಕೊಡಲಿಲ್ಲ. ಶಿಕ್ಷೆಯನ್ನು ಪೂರ್ತಿ ಅನುಭವಿಸಿಯೇ ಹೊರಗೆ ಬಂದಿತು. ಧೈರ್ಯ ಹುಟ್ಟುಗುಣವಾಗಿದ್ದರೆ ಅದೆಲ್ಲ ಹುಬ್ಬಳ್ಳಿಯವರ ಪಾಲಿಗೇ ಬಂದಿರಲು ಸಾಧ್ಯವಿಲ್ಲವಷ್ಟೆ. ಅವರಿಗೆ ಮೊದಲೇ ಅಭ್ಯಾಸವಾಗಿತ್ತು: ಬೇಗ ಏಳುವುದು, ಒರಟು ಊಟ, ಒಟ್ಟಿಗೆ ಇರುವುದು, ಹೇಳಿದ ಕೆಲಸವನ್ನು ಗೊಣಗದೆ ಮಾಡುವುದು, ಪಕ್ಕದವನು ಕುಗ್ಗಿದರೆ ಎತ್ತಿ ಹಿಡಿಯುವುದು.

ಈ ಸುದ್ದಿ ರಾಷ್ಟ್ರನಾಯಕರ ಗಮನಕ್ಕೆ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಆಂಧ್ರದ ಕಾಕಿನಾಡದಲ್ಲಿ, ಮೌಲಾನಾ ಮಹಮದ್ ಅಲಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅಲ್ಲಿಯೇ ಸ್ವಯಂಸೇವಕರ ಸಮ್ಮೇಳನವೂ ಸೇರಿತು. ಅಧ್ಯಕ್ಷತೆ ಜವಾಹರಲಾಲ್ ನೆಹರೂ ಅವರದು, ಓಡಾಟವೆಲ್ಲ ಹರ್ಡೀಕರ್ ಅವರದು. ಹಿಂದೂಸ್ತಾನಿ ಸೇವಾದಳ ಹುಟ್ಟಿದ್ದು ಹೀಗೆ. ಹರ್ಡೀಕರ್‌ಗೆ ಆಗ ಮೂವತ್ತನಾಲ್ಕು ವರ್ಷ, ಈಗ ನಾನಿರುವ ವಯಸ್ಸಿನ ಆಸುಪಾಸು. ಅಖಿಲ ಭಾರತದ ಸಂಸ್ಥೆಯೊಂದರ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ ಇದ್ದಿತು ಎಂಬುದು ಇಂದು ಎಷ್ಟು ಕನ್ನಡಿಗರಿಗೆ ಗೊತ್ತಿದೆ? ದ ವಾಲಂಟಿಯರ್ ಎಂಬ ಇಂಗ್ಲಿಷ್ ಮಾಸಪತ್ರಿಕೆಯನ್ನೂ ಅವರು ಅಲ್ಲಿಂದಲೇ ಹೊರಡಿಸುತ್ತಿದ್ದರು.

ಎಲ್ಲರೂ ಇದನ್ನು ಒಪ್ಪಿದರು ಎಂದಲ್ಲ. ಸಮವಸ್ತ್ರ, ಕವಾಯತು, ಆಜ್ಞೆ ಎಂದರೆ ಸೈನ್ಯದ ವಾಸನೆ ಬರುತ್ತದೆ, ಅಹಿಂಸೆಗೆ ಇದು ಹೊಂದುವುದಿಲ್ಲ ಎಂದು ಕಾಂಗ್ರೆಸ್ಸಿನ ಹಿರಿಯರು ಹಲವರು ಹಿಂಜರಿದರು. ಮುಂದೆ ಈ ದಳ ನಾಯಕರ ಮಾತನ್ನೇ ಮೀರಿದರೆ ಏನು ಮಾಡುವುದು ಎಂಬ ಅಳುಕೂ ಇತ್ತು. ಈ ಅನುಮಾನ ತಪ್ಪೆಂದು ತಳ್ಳಿಹಾಕುವಂತಿಲ್ಲ. ಸಮವಸ್ತ್ರ ತೊಟ್ಟ ತರುಣರ ಗುಂಪುಗಳು ಆ ದಶಕದಲ್ಲಿ ಯುರೋಪಿನ ದೇಶಗಳಲ್ಲಿ ಏನು ಮಾಡಿದವು ಎಂಬುದನ್ನು ನಾವು ಒಂಬತ್ತನೇ ತರಗತಿಯ ಚರಿತ್ರೆಯಲ್ಲಿ ಓದಿದ್ದೇವೆ. ಹರ್ಡೀಕರ್ ತಮ್ಮ ನಂಬಿಕೆಯನ್ನು ಬಿಡಲಿಲ್ಲ. ಅಹಿಂಸೆಗೆ ಶಿಸ್ತು ಇನ್ನೂ ಹೆಚ್ಚು ಬೇಕು, ಹೊಡೆಸಿಕೊಂಡೂ ಕೈ ಎತ್ತದಿರುವುದಕ್ಕೆ ತರಬೇತಿಯಿಲ್ಲದೆ ಆಗುವುದಿಲ್ಲ ಎಂಬುದು ಅವರ ವಾದದ ತಿರುಳು. ನಾಗಪುರದ ಜೈಲು ಅವರ ಸಾಕ್ಷಿ.

ಇಲ್ಲಿ ನಮ್ಮ ದಂಡು ಪ್ರದೇಶದ ಒಂದು ಸಂಗತಿ ಹೇಳಲೇಬೇಕು. ಭಾರತದಲ್ಲಿ ಸ್ಕೌಟ್ ಚಳವಳಿ ಮೊದಲು ಶುರುವಾಗಿದ್ದು 1909ರಲ್ಲಿ, ಬೆಂಗಳೂರಿನಲ್ಲಿ. ಕ್ಯಾಪ್ಟನ್ ಬೇಕರ್ ಎಂಬ ಅಧಿಕಾರಿ ಮೊದಲ ದಳ ಕಟ್ಟಿದರು. ಡೇರೆ ಹಾಕುವುದು, ಗಂಟು ಕಟ್ಟುವುದು, ದಿನಕ್ಕೊಂದು ಒಳ್ಳೆಯ ಕೆಲಸ ಮಾಡುವುದು, ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಅದು ಯುರೋಪಿಯನ್, ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಭಾರತದ ಹುಡುಗರನ್ನು ವರ್ಷಗಳ ಕಾಲ ಸೇರಿಸಿಕೊಳ್ಳಲಿಲ್ಲ. ಆನಿ ಬೆಸೆಂಟ್ ಮುಂತಾದವರು 1917ರ ಸುಮಾರಿಗೆ ಭಾರತೀಯ ಹುಡುಗರಿಗಾಗಿ ಪ್ರತ್ಯೇಕ ಸಂಸ್ಥೆ ಕಟ್ಟಬೇಕಾಗಿ ಬಂದಿದ್ದು ಅದಕ್ಕಾಗಿಯೇ. ಹಲಸೂರಿನ ಕೆರೆ ದಂಡೆಯಲ್ಲಿ ನಿಂತು ಬಿಳಿಯ ಹುಡುಗರ ಕವಾಯತನ್ನು ನೋಡುತ್ತಿದ್ದ ನಮ್ಮ ಮುತ್ತಜ್ಜಂದಿರನ್ನು ನಾನು ಕಲ್ಪಿಸಿಕೊಳ್ಳಬಲ್ಲೆ. ಸೇವೆ ಮಾಡುವ ಹಕ್ಕಿಗೂ ಬಾಗಿಲು ಇರುತ್ತದೆ, ಆ ಬಾಗಿಲು ಕೆಲವರಿಗೆ ಮುಚ್ಚಿರುತ್ತದೆ.

ಹರ್ಡೀಕರ್ ಕಲಿಸಿದ್ದಾದರೂ ಏನು? ಇಂದಿನ ಶಿಕ್ಷಣದ ಭಾಷೆಯಲ್ಲಿ ಅದನ್ನು ಅನೌಪಚಾರಿಕ ಶಿಕ್ಷಣ ಎನ್ನುತ್ತಾರೆ. ತರಗತಿ ಇಲ್ಲ, ಅಂಕಪಟ್ಟಿ ಇಲ್ಲ, ಪಾಸು ಫೇಲು ಇಲ್ಲ. ಹಾಗೆಂದು ಬೇಕಾಬಿಟ್ಟಿಯೂ ಅಲ್ಲ, ಕ್ರಮ ಇದೆ, ಕಲಿಸುವವರಿಗೆ ತರಬೇತಿ ಇದೆ. ಶಿಬಿರದಲ್ಲಿ ಬೆಳಗಿನ ಪ್ರಾರ್ಥನೆ, ವ್ಯಾಯಾಮ, ಕವಾಯತು. ಆಮೇಲೆ ಪ್ರಥಮ ಚಿಕಿತ್ಸೆ, ಊರಿನ ನೈರ್ಮಲ್ಯ, ಜಾತ್ರೆ ಸಭೆಗಳಲ್ಲಿ ಜನಸಂದಣಿಯನ್ನು ನಿಭಾಯಿಸುವುದು. ಸಾಮೂಹಿಕ ಗಾಯನ. ರಾತ್ರಿ ದೇಶದ ವಿಚಾರ. ಅಡುಗೆ, ಕಸ, ಪಾತ್ರೆ ಎಲ್ಲರ ಸರದಿಯ ಕೆಲಸ. ಯಾವ ಜಾತಿಯವನು ಎಂದು ಕೇಳದೆ ಒಂದೇ ಪಂಕ್ತಿಯಲ್ಲಿ ಊಟ. ಕೊನೆಯದನ್ನು ನಾವು ಈಗ ಸಲೀಸಾಗಿ ಓದಿಬಿಡುತ್ತೇವೆ, 1920ರ ದಶಕದಲ್ಲಿ ಅದೊಂದೇ ಪಾಠಕ್ಕಾಗಿ ಎಷ್ಟೋ ಮನೆಗಳಲ್ಲಿ ಜಗಳವಾಗುತ್ತಿತ್ತು.

ಬಾವುಟದ ವಿಷಯದಲ್ಲಿ ಅವರದು ವಿಶೇಷ ಕಾಳಜಿ. ತಿಂಗಳ ಕೊನೆಯ ಭಾನುವಾರ ಊರೂರಿನಲ್ಲಿ ಧ್ವಜವಂದನೆ ಮಾಡುವ ಪದ್ಧತಿಯನ್ನು ಸೇವಾದಳ ರೂಢಿಗೆ ತಂದಿತು. ನಾಗಪುರದಲ್ಲಿ ಬಾವುಟಕ್ಕಾಗಿ ಜೈಲು ಕಂಡವರಿಗೆ ಅದು ಬರಿಯ ಬಟ್ಟೆ ಆಗಿರಲಿಲ್ಲ. ಇನ್ನೊಂದು ಸಂಗತಿ: ಇಂದು ದೇಶದ ಅಧಿಕೃತ ಖಾದಿ ರಾಷ್ಟ್ರಧ್ವಜ ತಯಾರಾಗುವುದು ಹುಬ್ಬಳ್ಳಿಯ ಬೆಂಗೇರಿಯಲ್ಲಿ, ಅದರ ಬಟ್ಟೆ ನೇಯುವ ಊರುಗಳಲ್ಲಿ ಧಾರವಾಡದ ಗರಗವೂ ಒಂದು. ಹರ್ಡೀಕರ್ ಕಾಲಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ಆದರೂ ಆ ಸೀಮೆಯ ಮಣ್ಣಿಗೆ ಬಾವುಟದ ಋಣ ಇದೆ ಎಂದು ನನಗೆ ಅನ್ನಿಸುತ್ತದೆ.

1924ರ ಡಿಸೆಂಬರಿನ ಬೆಳಗಾವಿ ಅಧಿವೇಶನ ಸೇವಾದಳದ ಮೊದಲ ದೊಡ್ಡ ಪರೀಕ್ಷೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರು ಸ್ವಾಗತ ಸಮಿತಿಯ ಹೊಣೆ ಹೊತ್ತರು. ಊರ ಹೊರಗೆ ವಿಜಯನಗರ ಎಂಬ ಹೆಸರಿಟ್ಟು ಡೇರೆಗಳ ನಗರವನ್ನೇ ಎಬ್ಬಿಸಿದರು, ನೀರಿಗೆ ತೋಡಿದ ಬಾವಿಗೆ ಪಂಪಾ ಸರೋವರ ಎಂದು ಹೆಸರು. ಆ ಬಾವಿ ಈಗಲೂ ಇದೆ, ಜನ ಕಾಂಗ್ರೆಸ್ ಬಾವಿ ಎನ್ನುತ್ತಾರೆ. ದೇಶದ ಎಲ್ಲ ಕಡೆಯಿಂದ ಬಂದ ಪ್ರತಿನಿಧಿಗಳ ವಸತಿ, ಊಟ, ನೀರು, ದೀಪ, ದಾರಿ ತೋರಿಸುವುದು, ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವುದು ಇಷ್ಟನ್ನೂ ಸ್ವಯಂಸೇವಕರು ನಿಭಾಯಿಸಬೇಕು. ಆ ದಳದ ಹೊಣೆ ಹರ್ಡೀಕರ್ ಅವರದು.

ಅವರು ಆಗ ಮಾಡಿದ ದೊಡ್ಡ ಕೆಲಸವೆಂದರೆ ಉಮಾಬಾಯಿ ಕುಂದಾಪುರ ಅವರನ್ನು ಕರೆತಂದಿದ್ದು. ಮಂಗಳೂರಿನಲ್ಲಿ ಹುಟ್ಟಿದ ಉಮಾಬಾಯಿ 1923ರಲ್ಲಿ ಗಂಡನನ್ನು ಕಳೆದುಕೊಂಡು ಮಾವನೊಂದಿಗೆ ಹುಬ್ಬಳ್ಳಿಗೆ ಬಂದಿದ್ದರು. ಆಗಿನ ಕಾಲದಲ್ಲಿ ವಿಧವೆಗೆ ಮನೆಯ ಮೂಲೆಯೇ ಗತಿ ಎಂದುಕೊಂಡಿದ್ದ ಸಮಾಜ. ಮಾವ ಆನಂದರಾಯರು ಸೊಸೆಯ ಬೆನ್ನಿಗೆ ನಿಂತರು, ಹರ್ಡೀಕರ್ ತಿಲಕ ಕನ್ಯಾಶಾಲೆಯನ್ನು ಆಕೆಯ ಕೈಗೆ ಕೊಟ್ಟರು, ಜೊತೆಗೆ ಸೇವಾದಳದ ಮಹಿಳಾ ವಿಭಾಗವನ್ನೂ. ಉಮಾಬಾಯಿ ಊರೂರು ಸುತ್ತಿ ನೂರೈವತ್ತಕ್ಕೂ ಹೆಚ್ಚು ಹೆಂಗಸರನ್ನು ಬೆಳಗಾವಿಗೆ ತಂದರು. ಮನೆಯ ಹೊಸ್ತಿಲು ದಾಟದಿದ್ದವರೂ ವಿಧವೆಯರೂ ಅವರಲ್ಲಿ ಇದ್ದರು. ಆ ಶಿಬಿರದಲ್ಲಿ ಅವರು ಹೊತ್ತಿದ್ದ ಕೆಲಸವನ್ನು ಕಂಡ ಮೇಲೆ ಹೆಂಗಸರಿಗೆ ಇದೆಲ್ಲ ಆಗುವುದಿಲ್ಲ ಎನ್ನುವುದು ಕಷ್ಟವಾಯಿತು. ಕಮಲಾದೇವಿ ಚಟ್ಟೋಪಾಧ್ಯಾಯರೂ ಸೇವಾದಳದಲ್ಲಿ ದುಡಿದು ಬೆಳೆದವರೇ. ಉಮಾಬಾಯಿ 1932ರಲ್ಲಿ ಯರವಡಾ ಜೈಲು ಕಂಡರು. ಹೊರಬರುವಷ್ಟರಲ್ಲಿ ಮಾವ ತೀರಿಹೋಗಿದ್ದರು, ಶಾಲೆಗೆ ಸರ್ಕಾರ ಬೀಗ ಹಾಕಿತ್ತು. ಆದರೂ ಜೈಲಿಂದ ಬಿಡುಗಡೆಯಾಗಿ ದಿಕ್ಕು ತೋಚದೆ ನಿಂತ ಹೆಂಗಸರಿಗೆ ತಮ್ಮ ಮನೆಯಲ್ಲಿ ಆಶ್ರಯ ಕೊಟ್ಟರು. 1992ರವರೆಗೆ, ನೂರು ವರ್ಷ ಬದುಕಿದರು. ಅವರ ಬಗ್ಗೆ ಬೇರೆಯೇ ಲೇಖನ ಬರೆಯಬೇಕು. ನಮ್ಮ ಶಾಲೆಯ ಹೆಣ್ಣುಮಕ್ಕಳಲ್ಲಿ ಯಾರಾದರೂ ಬರೆಯಲಿ.

ಬೆಳಗಾವಿಯ ಇನ್ನೊಂದು ವಿಷಯ ಮರ್ಫಿ ಟೌನ್‌ನವನಾದ ನನಗೆ ಹತ್ತಿರದ್ದು. ಅಧಿವೇಶನದ ನೈರ್ಮಲ್ಯದ ಕೆಲಸವನ್ನು, ಪಾಯಿಖಾನೆ ಶುಚಿ ಮಾಡುವುದನ್ನೂ ಸೇರಿಸಿ, ಸ್ವಯಂಸೇವಕರೇ ವಹಿಸಿಕೊಂಡರು. ಕಾಕಾ ಕಾಲೇಲಕರರು ಅದರ ಮುಂದಾಳು. ಮೇಲ್ಜಾತಿಯ, ಓದಿದ ತರುಣರು ಪೊರಕೆ ಬಕೆಟ್ಟು ಹಿಡಿದರು. ಅದು ಆ ಕಾಲಕ್ಕೆ ದೊಡ್ಡ ಸಂಗತಿಯೇ. ನನ್ನ ತರಗತಿಯಲ್ಲಿ ಪೌರಕಾರ್ಮಿಕರ ಮಕ್ಕಳಿದ್ದರು. ಅವರ ತಾತಂದಿರು ದಂಡಿನ ಬೀದಿಗಳಲ್ಲಿ ಜೀವನಪೂರ್ತಿ ಇದೇ ಕೆಲಸ ಮಾಡಿದವರು, ಅವರನ್ನು ಯಾರೂ ಸ್ವಯಂಸೇವಕರೆನ್ನಲಿಲ್ಲ. ಮೂರು ದಿನ ಮಾಡಿದವರ ಕೆಲಸ ಚರಿತ್ರೆಗೆ ಸೇರಿತು, ಮೂರು ತಲೆಮಾರು ಮಾಡಿದವರದು ಹಾಜರಿ ಪುಸ್ತಕದಲ್ಲಿ ಉಳಿಯಿತು. ಇದು ಹರ್ಡೀಕರ್ ಅವರನ್ನು ಕಡಿಮೆ ಮಾಡಲು ಹೇಳುವ ಮಾತಲ್ಲ. ಯಾವ ಕೆಲಸವನ್ನು ಕೀಳೆಂದು ತಳ್ಳಿದ್ದರೋ ಅದನ್ನೇ ಪಾಠದ ಮೊದಲ ಅಧ್ಯಾಯ ಮಾಡಿದ್ದು ಅವರ ಕಾಲದವರ ದೊಡ್ಡತನ. ಆದರೆ ಪಾಠ ಅರ್ಧದಲ್ಲೇ ನಿಂತಿದೆ ಎಂದು ನಮ್ಮ ಬೀದಿಯಲ್ಲಿ ಬೆಳಿಗ್ಗೆ ಐದೂವರೆಗೆ ಎದ್ದವರಿಗೆಲ್ಲ ಗೊತ್ತಿದೆ.

1930ರಲ್ಲಿ ಕಾನೂನುಭಂಗ ಚಳವಳಿ ಶುರುವಾದಾಗ ಮೆರವಣಿಗೆ, ಪಿಕೆಟಿಂಗ್, ಗಾಯಾಳುಗಳ ಆರೈಕೆ ಎಲ್ಲದರಲ್ಲೂ ಸೇವಾದಳದವರು ಮುಂದಿದ್ದರು. ಸರ್ಕಾರ ಅದನ್ನು ಕಾನೂನುಬಾಹಿರವೆಂದು ಸಾರಿತು. ಹರ್ಡೀಕರ್ ಮತ್ತೆ ಮತ್ತೆ ಜೈಲಿಗೆ ಹೋದರು. 1931ರಲ್ಲಿ ಕಾಂಗ್ರೆಸ್ ಅದನ್ನು ತನ್ನ ಅಧಿಕೃತ ಸ್ವಯಂಸೇವಕ ಅಂಗವಾಗಿ ಮಾಡಿಕೊಂಡಿತು, ಹಿಂದೂಸ್ತಾನಿ ಸೇವಾದಳ ಕಾಂಗ್ರೆಸ್ ಸೇವಾದಳವಾಯಿತು. 1934ರಲ್ಲಿ ಕಾಂಗ್ರೆಸ್ ಮೇಲಿನ ನಿಷೇಧ ಹೋದರೂ ಸೇವಾದಳದ ಮೇಲಿನದು ಹೋಗಲಿಲ್ಲ. ಸರ್ಕಾರಕ್ಕೆ ಭಾಷಣಕಾರರಿಗಿಂತ ಶಿಸ್ತಿನ ಸಾಲಿನ ಭಯ ಹೆಚ್ಚಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಪಕ್ಷದ ಅಂಗವಾಗಿದ್ದು ಸೇವಾದಳಕ್ಕೆ ಬಲವೂ ಆಯಿತು, ಮಿತಿಯೂ ಆಯಿತು ಎಂಬುದು ನನ್ನ ಅಭಿಪ್ರಾಯ. ಎಲ್ಲರೂ ಒಂದೇ ಬಾವುಟದ ಕೆಳಗಿದ್ದ ಹೋರಾಟದ ಕಾಲದಲ್ಲಿ ಅದು ಸಹಜವಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ಪಕ್ಷಗಳು ಹಲವಾದವು, ಬಿಳಿ ಟೋಪಿ ಸಮಾವೇಶದ ಬಾಗಿಲಲ್ಲಿ ನಿಲ್ಲುವವರ ಗುರುತಾಯಿತು. ನಮ್ಮ ಮನೆಯಲ್ಲೇ ನಾನು ಸೇವಾದಳ ಸೇರಿದೆ ಎಂದಾಗ ಅಪ್ಪ, ಎಲೆಕ್ಷನ್ ಕೆಲಸಕ್ಕೆ ಹುಡುಗರನ್ನು ಸೇರಿಸುತ್ತಿದ್ದಾರಾ ಎಂದು ಶಾಲೆಗೆ ವಿಚಾರಿಸಲು ಬಂದಿದ್ದರು.

ಈ ಮಿತಿ ಹರ್ಡೀಕರ್‌ಗೂ ತಿಳಿದಿದ್ದಿರಬೇಕು. ಸ್ವತಂತ್ರ ಭಾರತದಲ್ಲಿ ಅವರು ಮಕ್ಕಳ ಕಡೆಗೆ ತಿರುಗಿದರು. ಯಾವ ಪಕ್ಷಕ್ಕೂ ಸೇರದ ಭಾರತ ಸೇವಾದಳ ಶಾಲೆಗಳಲ್ಲಿ ಕೆಲಸ ಮಾಡತೊಡಗಿತು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಅದು ಬೇರೂರಿದ್ದು ಎಲ್ಲ ಶಿಕ್ಷಕರಿಗೂ ಗೊತ್ತಿರುವುದೇ: ಶಿಕ್ಷಕರಿಗೆ ತರಬೇತಿ ಶಿಬಿರ, ರಾಷ್ಟ್ರಧ್ವಜ ಮಾಹಿತಿ ಶಿಬಿರ, ಭಾವೈಕ್ಯತಾ ಮಕ್ಕಳ ಮೇಳ. ನಮ್ಮ ಶಾಲೆಯಂಥ ಕಡೆ, ಮನೆಯಲ್ಲಿ ತಮಿಳು, ಉರ್ದು, ತೆಲುಗು, ಕನ್ನಡ ಮಾತಾಡುವ ಮಕ್ಕಳು ಒಂದೇ ಸಾಲಿನಲ್ಲಿ ನಿಂತು ಹಾಡುವುದನ್ನು ಕಲಿತಿದ್ದು ಆ ಪೀರಿಯಡ್ಡಿನಲ್ಲಿ.

ಇದಕ್ಕೆಲ್ಲ ಮೊದಲೇ, 1929ರಲ್ಲಿ, ಅವರು ಡಾ. ಕೊಕಟನೂರ, ಡಾ. ವೈದ್ಯ ಅವರೊಂದಿಗೆ ಸೇರಿ ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಕಟ್ಟಿದ್ದರು. ಹಳ್ಳಿಗಾಡಿನ ಬಡವರಿಗೆ ಅದು ದೊಡ್ಡಾಸ್ಪತ್ರೆ. ಮಿಷಿಗನ್‌ನಲ್ಲಿ ಕಲಿತದ್ದು ಅಲ್ಲಿ ನೆಲಕ್ಕೆ ಬಿತ್ತು. ಅದು ಈಗಲೂ ನಡೆಯುತ್ತಿದೆ. 1952ರಿಂದ 1962ರವರೆಗೆ ಅವರು ರಾಜ್ಯಸಭೆಯ ಸದಸ್ಯರಾಗಿದ್ದರು, 1958ರಲ್ಲಿ ಪದ್ಮಭೂಷಣ ಬಂತು, ಜನ್ಮಶತಮಾನದ ವರ್ಷ 1989ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು. ಇವೆಲ್ಲ ಅವರ ಬದುಕಿನ ಸಣ್ಣ ಅಕ್ಷರಗಳು.

ಈಗ ನಮ್ಮ ಕಾಲದ ಮಾತು. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಅದರ ಜೊತೆಗೆ ನೌಕರರ ಸೇವಾದಿನಗಳೂ ಬಂದವು. ಒಳ್ಳೆಯದೇ. ನಾನೂ ಹೋಗಿದ್ದೇನೆ. ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಒಂದೇ ಬಣ್ಣದ ಟೀಶರ್ಟು ತೊಟ್ಟು ಒಂದು ಸರ್ಕಾರಿ ಶಾಲೆಗೆ ಹೋಗುವುದು, ಗೋಡೆಗೆ ಚಿತ್ರ ಬಿಡಿಸುವುದು, ಮಕ್ಕಳಿಗೆ ಬ್ಯಾಗು ಹಂಚುವುದು, ಫೋಟೋ ತೆಗೆಸಿಕೊಂಡು ಊಟದ ಹೊತ್ತಿಗೆ ವಾಪಸು. ಅಂಥ ಒಂದು ಶಾಲೆಯಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಬಣ್ಣದ ಬ್ರಷ್ ಕೇಳಿದಾಗ, ನಿನ್ನ ಬಟ್ಟೆ ಹಾಳಾಗುತ್ತದೆ, ದೂರ ನಿಂತುಕೋ ಎಂದು ನಮ್ಮ ತಂಡದ ಒಬ್ಬರು ಹೇಳಿದರು. ಗೋಡೆ ಅವಳ ಶಾಲೆಯದು. ಸೇವೆ ಮಾಡುವವರು ನಾವು, ಮಾಡಿಸಿಕೊಳ್ಳುವವಳು ಅವಳು ಎಂದು ಯಾರೂ ಬರೆದಿಟ್ಟಿರಲಿಲ್ಲ, ಆದರೂ ಹಾಗೆಯೇ ನಡೆಯಿತು. ನಮ್ಮ ಕೆಲಸದಲ್ಲಿ ಹೊಸದಾಗಿ ಸೇರಿದವನಿಗೆ ತಿಂಗಳುಗಟ್ಟಲೆ ತರಬೇತಿ ಕೊಡದೆ ಒಂದು ಸಾಲು ಕೋಡ್ ಮುಟ್ಟಲು ಬಿಡುವುದಿಲ್ಲ. ಸೇವೆಗೆ ಮಾತ್ರ ಒಂದು ಟೀಶರ್ಟು ಸಾಕು.

2021ರ ಮೇ ತಿಂಗಳಿನಲ್ಲಿ ಆಮ್ಲಜನಕದ ಸಿಲಿಂಡರಿಗಾಗಿ ಬೆಂಗಳೂರು ಒದ್ದಾಡಿದಾಗ ನಮ್ಮ ಕಡೆಯೂ ಒಂದು ವ್ಯಾಟ್ಸಾಪ್ ಗುಂಪು ಹುಟ್ಟಿತು. ಮೊದಲ ದಿನ ಸೇರಿದವರು ಹತ್ತಿರ ಹತ್ತಿರ ನೂರು ಮಂದಿ. ಎರಡನೇ ವಾರಕ್ಕೆ ನಿಜವಾಗಿ ಕೆಲಸ ಮಾಡುತ್ತಿದ್ದವರು ಏಳೋ ಎಂಟೋ ಜನ. ಉಳಿದವರಲ್ಲಿ ಮನಸ್ಸು ಕೆಟ್ಟವರು ಯಾರೂ ಇರಲಿಲ್ಲ. ರಾತ್ರಿ ಎರಡು ಗಂಟೆಗೆ ಅಳುವ ದನಿಗೆ ಏನು ಉತ್ತರ ಕೊಡಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಕೊನೆಯವರೆಗೆ ಉಳಿದವರಲ್ಲಿ ಇಬ್ಬರು ನರ್ಸುಗಳು, ಒಬ್ಬ ಆಟೋ ಚಾಲಕ, ಮತ್ತೆ ನಮ್ಮದೇ ಶಾಲೆಯ ಸೇವಾದಳದಲ್ಲಿ ನನಗಿಂತ ಮೂರು ವರ್ಷ ಹಿರಿಯರಾಗಿದ್ದ ಅಕ್ಕ ಒಬ್ಬರು. ಅವರು ಮೊದಲು ಮಾಡಿದ ಕೆಲಸ ಒಂದು ನೋಟ್‌ಪುಸ್ತಕ ತೆರೆದು ಸರದಿ ಹಾಕಿದ್ದು. ಯಾರು ಎಷ್ಟು ಗಂಟೆಗೆ, ಯಾವ ಆಸ್ಪತ್ರೆಗೆ ಫೋನು, ಯಾರು ನಿದ್ದೆ ಮಾಡಬೇಕು. ನಾಗಪುರದ ಕತೆಯನ್ನು ನಾನು ಆಮೇಲೆ ಓದಿದಾಗ ಆ ನೋಟ್‌ಪುಸ್ತಕ ಕಣ್ಣ ಮುಂದೆ ಬಂತು.

ಸುವರ್ಣ ಮಹೋತ್ಸವದ ನಿಧಿಗೆ ಹಳೆಯ ವಿದ್ಯಾರ್ಥಿಗಳು ಧಾರಾಳವಾಗಿ ಕೊಟ್ಟಿದ್ದಾರೆ. ಹೊಸ ಕೊಠಡಿ, ಕಂಪ್ಯೂಟರ್, ಶೌಚಾಲಯ ಎಲ್ಲ ಬರಲಿವೆ. ನಾನು ವಿಚಾರಿಸಿದಾಗ ತಿಳಿದದ್ದು, ಶಾಲೆಯ ಸೇವಾದಳ ಘಟಕ ಕೆಲವು ವರ್ಷಗಳಿಂದ ನಡೆಯುತ್ತಿಲ್ಲ. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇದೆಯಂತೆ. ಮುಖ್ಯ ಶಿಕ್ಷಕಿಯವರ ಬಳಿ ಮಾತಾಡಿದ್ದೇನೆ. ಶಿಕ್ಷಕರಲ್ಲಿ ಒಬ್ಬರು ಸೇವಾದಳದ ತರಬೇತಿಗೆ ಹೋಗಲು ಒಪ್ಪಿದ್ದಾರೆ. ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅಂಗಳ ಸಿಗುತ್ತದೆ. ನೋಟ್‌ಪುಸ್ತಕದ ಆ ಅಕ್ಕ ಬರುತ್ತೇನೆಂದಿದ್ದಾರೆ, ಇಬ್ಬರು ನರ್ಸುಗಳಲ್ಲಿ ಒಬ್ಬರು ಪ್ರಥಮ ಚಿಕಿತ್ಸೆ ಹೇಳಿಕೊಡುತ್ತಾರೆ. ಡ್ರಮ್ ಬಾರಿಸಲು ಬರುವವರು ಒಬ್ಬರು ಬೇಕು. ಹಳೆಯ ಡ್ರಮ್ಮು ಇನ್ನೂ ಪಿ.ಟಿ. ಕೊಠಡಿಯಲ್ಲೇ ಇದೆ, ಒಂದು ಕಡೆಯ ಚರ್ಮ ಹರಿದಿದೆ, ಶಿವಾಜಿನಗರದಲ್ಲಿ ಹೊಸದು ಹಾಕಿಸಲು ಕೇಳಿದ್ದೇನೆ. ಹರ್ಡೀಕರ್ ಪಟದ ಗಾಜು ಒಡೆದಿತ್ತು, ಅದನ್ನು ಕಟ್ಟು ಹಾಕಿಸಿ ಆಗಿದೆ.